ಸೋರುವ ರೇಡಿಯೇಟರ್: ಹನಿ ಬೀಳುವುದು ಎಲ್ಲಿ, ಹುಟ್ಟುವುದು ಎಲ್ಲಿ?

ಯುಗಾದಿ ಮುಗಿದು ಬಿಸಿಲು ಏರತೊಡಗಿದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಳೆಗಾಲದಲ್ಲಿ ವೈಪರ್, ಬ್ರೇಕು ಎಂದು ಬರೆಯುತ್ತಿದ್ದವರು ಈಗ ಎಂಜಿನ್ ಕಾಯುತ್ತದೆ, ನೀರು ನಿಲ್ಲುತ್ತಿಲ್ಲ ಎಂದು ಬರೆಯುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಇಂತಹ ಪತ್ರಗಳು ಒಟ್ಟೊಟ್ಟಿಗೆ ಬಂದಿರುವುದರಿಂದ ಈ ಸಂಚಿಕೆಯ ಪುಟವನ್ನು ಅವಕ್ಕೇ ಬಿಟ್ಟಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಅದನ್ನು ಓದಿದವರಿಗೆಂದು ಬರೆದವು.

ಪ್ರಶ್ನೆ: ನನ್ನದು 11 ವರ್ಷದ ಹಳೆಯ ಪೆಟ್ರೋಲ್ ಕಾರು. ಒಂದು ತಿಂಗಳಿಂದ ಎರಡು ಮೂರು ದಿನಕ್ಕೊಮ್ಮೆ ಅರ್ಧ ಲೀಟರಿನಷ್ಟು ನೀರು ಹಾಕಬೇಕಾಗುತ್ತಿದೆ. ಇಲ್ಲಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ನೋಡಿ, ರೇಡಿಯೇಟರ್ ಹೋಗಿದೆ, ಹೊಸದು ಹಾಕಬೇಕು ಎಂದರು. ಹೊಲದ ಪಂಪ್‌ಸೆಟ್ಟನ್ನು ನಾನೇ ಬಿಚ್ಚಿ ಜೋಡಿಸುತ್ತೇನೆ. ಪಾನಾ ಹಿಡಿದು ರೂಢಿ ಇದೆ. ಎಂ-ಸೀಲ್ ಹಚ್ಚಿ ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದೇ?
(ಓದುಗರು, ಸಿಂಧನೂರು)

ಉತ್ತರ: ಎಂ-ಸೀಲ್ ಹಚ್ಚಬೇಕೇ ಬೇಡವೇ ಎಂಬುದು ಕೊನೆಯ ಪ್ರಶ್ನೆ. ಸೋರುತ್ತಿರುವುದು ರೇಡಿಯೇಟರೇ ಹೌದೇ ಎಂಬುದು ಮೊದಲ ಪ್ರಶ್ನೆ, ಮತ್ತು ಅದನ್ನು ನೀವು ಇನ್ನೂ ಕೇಳಿಕೊಂಡಂತಿಲ್ಲ. ನೀರು ಕಡಿಮೆಯಾಯಿತು ಎಂದ ಕೂಡಲೇ ರೇಡಿಯೇಟರಿನ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ನನ್ನ ಅನುಭವದಲ್ಲಿ ಇಂತಹ ದೂರುಗಳಲ್ಲಿ ಬಹಳಷ್ಟು ಹೋಸ್ ಪೈಪಿನ ಸಡಿಲ ಕ್ಲಿಪ್ಪಿನಲ್ಲಿ, ರೇಡಿಯೇಟರ್ ಕ್ಯಾಪಿನ ಗಟ್ಟಿಯಾದ ರಬ್ಬರಿನಲ್ಲಿ ಅಥವಾ ವಾಟರ್ ಪಂಪಿನಲ್ಲಿ ಮುಗಿದಿವೆ. ಇವುಗಳಲ್ಲಿ ಮೊದಲ ಎರಡನ್ನು ಪಾನಾ ಹಿಡಿಯಬಲ್ಲ ಯಾರಾದರೂ ಮನೆಯಂಗಳದಲ್ಲಿ ಸರಿಪಡಿಸಬಹುದು.

ರಾತ್ರಿ ಕಾರನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಭಾಗದ ಕೆಳಗೆ ದೊಡ್ಡ ರಟ್ಟಿನ ಹಾಳೆಯನ್ನು ಹಾಸಿ, ಬೆಳಿಗ್ಗೆ ಅದರ ಮೇಲಿನ ಕಲೆಯನ್ನು ನೋಡಿ. ಏಸಿ ಹಾಕಿಕೊಂಡು ಬಂದ ದಿನ ಬೀಳುವ ತಿಳಿನೀರಿಗೆ ಬಣ್ಣವೂ ಇರುವುದಿಲ್ಲ, ಅಂಟೂ ಇರುವುದಿಲ್ಲ. ಅದನ್ನು ಕಂಡು ಹೆದರಬೇಕಾಗಿಲ್ಲ. ಕೂಲೆಂಟ್, ಅಂದರೆ ಎಂಜಿನ್ ತಣಿಸಲು ರೇಡಿಯೇಟರಿನಲ್ಲಿ ತುಂಬುವ ದ್ರವ, ಆದರೆ ಹಸಿರು, ಕೆಂಪು, ಗುಲಾಬಿ ಅಥವಾ ನೀಲಿ ಛಾಯೆ ಇರುತ್ತದೆ, ಬೆರಳಿಗೆ ತುಸು ಜಾರುತ್ತದೆ, ಸಿಹಿಯಾದ ವಾಸನೆ ಬರುತ್ತದೆ. ನೀವು ಒಂದು ತಿಂಗಳಿಂದ ಬರಿಯ ನೀರನ್ನೇ ಹಾಕುತ್ತಿರುವುದರಿಂದ ಬಣ್ಣ ತೆಳುವಾಗಿರಬಹುದು. ಆಗ ವಾಸನೆಯನ್ನೇ ನಂಬಬೇಕಾಗುತ್ತದೆ. ಇನ್ನೊಂದು ಮಾತು: ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಎಂದುಕೊಳ್ಳಬೇಡಿ. ಗಾಡಿ ಓಡುವಾಗ ಎದುರುಗಾಳಿ ಮತ್ತು ಫ್ಯಾನಿನ ಗಾಳಿ ಹನಿಯನ್ನು ಹಿಂದಕ್ಕೆ ತಳ್ಳುತ್ತವೆ. ನಿಂತ ಮೇಲೆ ಅದು ಅಡ್ಡಪಟ್ಟಿಯ ಅಂಚು ಹಿಡಿದು ಹರಿದು, ಬೇರೆಲ್ಲೋ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗದಿಂದ ಹಿಂದಕ್ಕೆ, ಮೇಲಕ್ಕೆ, ಒದ್ದೆ ಶುರುವಾಗುವ ಜಾಗದವರೆಗೆ ಕಣ್ಣು ಹಾಯಿಸಬೇಕು.

ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿದರೆ, ಸೋರಿ ಒಣಗಿದ ಕಡೆ ಕೂಲೆಂಟ್ ತನ್ನ ಗುರುತು ಬಿಟ್ಟುಹೋಗಿರುತ್ತದೆ: ಬಿಳಿಯ ಅಥವಾ ಹಸಿರು ಮಿಶ್ರಿತ ಬಿಳಿಯ ಪೊರೆ, ಸವಳು ಹೊಲದ ಮಣ್ಣಿನ ಮೇಲೆ ಬೇಸಿಗೆಯಲ್ಲಿ ಉಪ್ಪು ಮೇಲೆದ್ದು ಬಂದಂತೆ. ಆ ಪೊರೆ ಹೋಸ್ ಪೈಪಿನ ತುದಿಯಲ್ಲಿದ್ದರೆ ಕ್ಲಿಪ್ ಸಡಿಲವಾಗಿದೆ ಅಥವಾ ರಬ್ಬರ್ ಸತ್ತಿದೆ. ಪಂಪಿನ ಅಡಿಯ ಸಣ್ಣ ಕಿಂಡಿಯಿಂದ ಇಳಿದಿದ್ದರೆ ಪಂಪಿನ ಸೀಲ್ ಹೋಗಿದೆ. ಆ ಕಿಂಡಿಯನ್ನು ಇಟ್ಟಿರುವುದೇ ಸೀಲ್ ಹೋದದ್ದನ್ನು ತಿಳಿಸಲು, ಅದನ್ನು ಮುಚ್ಚಲು ಹೋಗಬೇಡಿ. ಕಾರಿನೊಳಗೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಅಂಟಂಟಾಗಿದ್ದು ಗಾಜಿಗೆ ಮಂಜು ಕಟ್ಟುತ್ತಿದ್ದರೆ ಹೀಟರಿನ ಜಾಲಿ ಸೋರುತ್ತಿದೆ. ಬೆಳಗಿನ ತಂಪಿನಲ್ಲಿ ಮಾತ್ರ ಒದ್ದೆ ಕಂಡು, ಗಾಡಿ ಓಡಿದ ಮೇಲೆ ನಿಲ್ಲುವುದಾದರೆ ಕ್ಲಿಪ್ಪನ್ನೇ ಅನುಮಾನಿಸಿ. ರಬ್ಬರ್ ಕುಗ್ಗಿದಾಗ ಬಿಡುವ ಸಂದು ಬಿಸಿಗೆ ಹಿಗ್ಗಿದಾಗ ಮುಚ್ಚಿಕೊಳ್ಳುತ್ತದೆ.

ಕ್ಯಾಪನ್ನು ಕಡೆಗಣಿಸುವವರೇ ಹೆಚ್ಚು. ಅದು ಬರಿಯ ಮುಚ್ಚಳವಲ್ಲ, ಎರಡು ವಾಲ್ವ್‌ಗಳ ಉಪಕರಣ. ನೆತ್ತಿಯ ಮೇಲೆ 0.9 ಅಥವಾ 1.1 ಎಂದೋ, 88 ಅಥವಾ 108 ಎಂದೋ ಬರೆದಿರುವುದು ಅದು ತಡೆಹಿಡಿಯುವ ಒತ್ತಡದ ಅಳತೆ, ಎರಡು ಬೇರೆ ಮಾನಗಳಲ್ಲಿ. ಬಿಸಿಯೇರಿ ಒತ್ತಡ ಅದಕ್ಕಿಂತ ಹೆಚ್ಚಾದಾಗ ದೊಡ್ಡ ವಾಲ್ವ್ ತೆರೆದು ಹೆಚ್ಚಿನ ಕೂಲೆಂಟನ್ನು ಪಕ್ಕದ ಬಾಟಲಿಗೆ ಬಿಡುತ್ತದೆ. ಎಂಜಿನ್ ತಣಿದು ಒಳಗೆ ಸೆಳೆತ ಉಂಟಾದಾಗ ನಡುವಿನ ಚಿಕ್ಕ ವಾಲ್ವ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಈ ಹೋಗಿಬರುವ ಲೆಕ್ಕ ತಪ್ಪಿ, ಬಾಟಲಿ ತುಂಬಿ ಚೆಲ್ಲುತ್ತದೆ, ರೇಡಿಯೇಟರ್ ಬರಿದಾಗುತ್ತದೆ, ನೋಡಿದವರಿಗೆ ಎಲ್ಲಿಯೂ ತೂತು ಕಾಣುವುದಿಲ್ಲ. ಅದೇ ಅಂಕಿಯ ಹೊಸ ಕ್ಯಾಪ್ ತಂದು ಹಾಕಿ, ಒಂದು ವಾರ ನೋಡಿ. ಅಂಕಿ ದೊಡ್ಡದಿದ್ದರೆ ಒಳ್ಳೆಯದು ಎಂದು 0.9ರ ಜಾಗಕ್ಕೆ 1.1 ಹಾಕಿದರೆ ಹಳೆಯ ಪೈಪುಗಳು ಒಂದೊಂದಾಗಿ ಬಾಯಿ ಬಿಡುತ್ತವೆ.

ಇಷ್ಟೆಲ್ಲ ನೋಡಿಯೂ ಪೊರೆ ಕಂಡದ್ದು ರೇಡಿಯೇಟರಿನ ಜಾಲಿಯ ಮೇಲೆಯೇ ಎಂದಾದರೆ, ಅದನ್ನು ಇಳಿಸಿ ಪರೀಕ್ಷಿಸುವುದು ಉತ್ತಮ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತಾರಲ್ಲ, ವಿಧಾನ ಅದೇ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಕೂಲೆಂಟನ್ನು ಅಗಲ ಬಾಯಿಯ ಪಾತ್ರೆಗೆ ಇಳಿಸಿಕೊಂಡು, ಫ್ಯಾನಿನ ತಂತಿಯ ಕನೆಕ್ಟರ್ ಕಳಚಿ, ಪೈಪುಗಳನ್ನು ಬಿಡಿಸಿ, ಹಿಡಿದಿರುವ ಬೋಲ್ಟ್‌ಗಳನ್ನು ತೆಗೆದರೆ ಸಣ್ಣ ಕಾರುಗಳಲ್ಲಿ ರೇಡಿಯೇಟರ್ ಸಾಮಾನ್ಯವಾಗಿ ಮೇಲಕ್ಕೆ ಬರುತ್ತದೆ. ಅದರ ಮುಂದೆ ಇರುವ ಏಸಿಯ ಕಂಡೆನ್ಸರನ್ನು ಪಕ್ಕಕ್ಕೆ ಸರಿಸಿ ಕಟ್ಟಬಹುದೇ ಹೊರತು ಅದರ ಪೈಪನ್ನು ಬಿಚ್ಚಕೂಡದು. ಒಳಗೆ ಒತ್ತಡದ ಅನಿಲವಿದೆ. ಗೇರು ತಾನೇ ಬದಲಾಗುವ ಗಾಡಿಯಾದರೆ ರೇಡಿಯೇಟರಿಗೆ ಗೇರ್ ಆಯಿಲಿನ ಪೈಪುಗಳೂ ಬಂದಿರಬಹುದು, ಆ ಕೆಲಸವನ್ನು ಗ್ಯಾರೇಜಿಗೆ ಬಿಡಿ.

ಇಳಿಸಿದ ರೇಡಿಯೇಟರಿನ ಒಂದು ಬಾಯಿಗೆ ಹಳೆಯ ಹೋಸಿನ ತುಂಡು ಸಿಕ್ಕಿಸಿ, ಅದರ ಹೊರತುದಿಗೆ ಮರದ ಬೆಣೆ ಜಡಿದು ಕ್ಲಿಪ್ ಬಿಗಿಯಿರಿ. ಇನ್ನೊಂದು ಬಾಯಿಯ ಹೋಸ್ ತುಂಡಿಗೆ ಬೆಣೆಯ ಬದಲು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ದನಗಳಿಗೆ ನೀರಿಡುವ ಬಾನಿಯಲ್ಲಿ ಮುಳುಗಿಸಿ, ಅಳತೆಯ ಮುಳ್ಳಿರುವ ಕಾಲುಪಂಪಿನಿಂದ ನಿಧಾನವಾಗಿ ಗಾಳಿ ಹಾಕಿ. ಕ್ಯಾಪಿನ ಮೇಲೆ ಬರೆದ ಒತ್ತಡವೇ ಮಿತಿ. ಪೌಂಡ್ ಲೆಕ್ಕದಲ್ಲಿ 0.9 ಎಂದರೆ ಸುಮಾರು 13. ಟೈರಿಗೆ ಹಾಕುವಂತೆ 30 ಪೌಂಡ್ ಹಾಕಿದರೆ ಸೋರದ ಜಾಗವೂ ಸೋರುತ್ತದೆ, ಕಂಪ್ರೆಸರಿನ ಹತ್ತಿರವಂತೂ ಒಯ್ಯಲೇಬೇಡಿ. ಮೊದಲು ಜಾಲಿಯ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿ ದೊಡ್ಡ ಗುಳ್ಳೆಗಳಾಗಿ ಮೇಲೇಳುತ್ತದೆ. ಅದನ್ನು ಕೈಯಿಂದ ಸವರಿ ಕಳೆಯಿರಿ. ನೀರು ತಿಳಿಯಾದ ಮೇಲೆ ಒಂದೇ ಜಾಗದಿಂದ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ದಾರ ಪೋಣಿಸಿದಂತೆ ಏಳುತ್ತಿದ್ದರೆ ಅದೇ ನಿಮ್ಮ ತೂತು. ಮಾರ್ಕರ್ ಪೆನ್ನಿನಿಂದ ಅಲ್ಲಿ ಸುತ್ತು ಹಾಕಿ. ಗುಳ್ಳೆ ಕ್ಯಾಪಿನ ಪಕ್ಕದ ಸಣ್ಣ ನಳಿಗೆಯಿಂದ, ಬರೆದ ಒತ್ತಡಕ್ಕೆ ಬಹಳ ಮೊದಲೇ ಬಂದರೆ ತಪ್ಪು ಕ್ಯಾಪಿನದು.

ಈಗ ಎಂ-ಸೀಲಿನ ಮಾತು. ತೂತು ಎಲ್ಲಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಈ ಕಾಲದ ಕಾರುಗಳ ರೇಡಿಯೇಟರಿನಲ್ಲಿ ನಡುವಿನ ಜಾಲಿ ಅಲ್ಯೂಮಿನಿಯಂ, ಎರಡು ಬದಿಯ ತೊಟ್ಟಿಗಳು ಗಾಜಿನ ನಾರು ಬೆರೆಸಿದ ನೈಲಾನ್. ಇವೆರಡರ ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಲ್ಯೂಮಿನಿಯಂ ಹಲ್ಲುಗಳನ್ನು ಮಡಚಿ ಬಿಗಿದಿರುತ್ತಾರೆ. ಆ ಮಡಿಕೆಯ ಸಾಲಿನಲ್ಲಿ ಸೋರುತ್ತಿದ್ದರೆ ಹೊರಗಿನಿಂದ ಏನು ಮೆತ್ತಿದರೂ ನಿಲ್ಲುವುದಿಲ್ಲ, ಏಕೆಂದರೆ ಬಿಸಿಗೆ ಲೋಹ ಹಿಗ್ಗುವ ಪ್ರಮಾಣ ಬೇರೆ, ನೈಲಾನ್ ಹಿಗ್ಗುವ ಪ್ರಮಾಣ ಬೇರೆ. ಪ್ರತಿ ಸಲ ಕಾದು ತಣಿದಾಗಲೂ ಮೆತ್ತಿದ್ದು ಎರಡರ ನಡುವೆ ಎಳೆದಾಡಲ್ಪಟ್ಟು ಬಿಟ್ಟುಕೊಳ್ಳುತ್ತದೆ. ರೇಡಿಯೇಟರ್ ಕೆಲಸದವರು ಹಲ್ಲು ಬಿಡಿಸಿ ಹೊಸ ಗ್ಯಾಸ್ಕೆಟ್ ಹಾಕಿಕೊಡುತ್ತಾರೆ, ಅದು ಸರಿಯಾದ ದಾರಿ. ಪ್ಲಾಸ್ಟಿಕ್ ತೊಟ್ಟಿಯ ಕತ್ತಿನಲ್ಲಿ, ಅಂದರೆ ಮೇಲಿನ ಬಿಸಿ ಪೈಪ್ ಸೇರುವ ಕಡೆ, ಸಣ್ಣ ಬಿರುಕು ಕಂಡರೂ ಅಂಟಿನ ಯೋಚನೆ ಬಿಡಿ. ಆ ಕತ್ತು ಒಮ್ಮೆಗೇ ಮುರಿಯುತ್ತದೆ, ಮುರಿದರೆ ನಿಮಿಷದೊಳಗೆ ಎಲ್ಲ ನೀರೂ ರಸ್ತೆಯ ಪಾಲಾಗುತ್ತದೆ.

ತೂತು ಜಾಲಿಯ ಒಂದು ನಳಿಗೆಯಲ್ಲಿ, ಸೂಜಿಮೊನೆಯಷ್ಟು ಇದ್ದರೆ ಮಾತ್ರ ಮನೆಯ ತೇಪೆಗೆ ಅರ್ಥವಿದೆ. ಅಲ್ಲಿಯ ರೆಕ್ಕೆಗಳನ್ನು ಚಿಮ್ಮಟದಿಂದ ಬೆರಳಗಲ ಮಾತ್ರ ತೆಗೆದು, ನಳಿಗೆಯ ಮೈಯನ್ನು ನುಣುಪಾದ ಮರಳು ಕಾಗದದಿಂದ ಹೊಳಪು ಬರುವವರೆಗೆ ತಿಕ್ಕಿ, ಥಿನ್ನರ್ ಒರೆಸಿ, ಒಣಗಿದ ಮೇಲೆ ಬಿಸಿ ತಾಳುವುದೆಂದು ಪೊಟ್ಟಣದ ಮೇಲೆಯೇ ಬರೆದಿರುವ, ಲೋಹದ ಪುಡಿ ಬೆರೆತ ಎಪಾಕ್ಸಿಯನ್ನು ಒತ್ತಿ ಹಚ್ಚಿ ಒಂದು ದಿನ ಪೂರ್ತಿ ಬಿಡಿ. ಮನೆಯ ನಲ್ಲಿಗೆ ಹಚ್ಚುವ ಸಾಧಾರಣ ಎಂ-ಸೀಲ್ ಅಲ್ಲಿ ಬಹುಕಾಲ ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಬಿಸಿ ಸುಮಾರು 90 ಡಿಗ್ರಿ, ಜೊತೆಗೆ ಒತ್ತಡ, ಮೇಲೆ ನಮ್ಮ ರಸ್ತೆಗಳ ಅದುರಾಟ. ಚೆನ್ನಾಗಿ ಹಚ್ಚಿದ ಎಪಾಕ್ಸಿಯನ್ನು ಸಹ ಹೊಸ ರೇಡಿಯೇಟರಿಗೆ ಹಣ ಹೊಂದಿಸುವವರೆಗಿನ ಏರ್ಪಾಡು ಎಂದೇ ತಿಳಿಯಿರಿ.

ಬೆಸುಗೆ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಳೆಯ ಅಂಬಾಸಡರ್, ಹಳೆಯ ಜೀಪುಗಳ ತಾಮ್ರ ಹಿತ್ತಾಳೆಯ ರೇಡಿಯೇಟರಿಗೆ ಸೀಸ ತವರದ ಬೆಸುಗೆ ಸಲೀಸಾಗಿ ಹಿಡಿಯುತ್ತಿತ್ತು. ಅದು 200 ಡಿಗ್ರಿಯ ಒಳಗೇ ಕರಗುತ್ತದೆ. ನಾನು ಕೆಲಸ ಕಲಿತ ಕಾಲದಲ್ಲಿ ಬಳ್ಳಾರಿಯಲ್ಲಿ ಸೋರುವ ನಳಿಗೆಯ ಎರಡು ತುದಿಗಳನ್ನೂ ಬೆಸುಗೆಯಿಂದ ಮುಚ್ಚಿ, ಉಳಿದ ನಳಿಗೆಗಳ ಮೇಲೆ ಗಾಡಿ ಓಡಿಸುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಯೂಮಿನಿಯಂ ಹಾಗಲ್ಲ. ತಿಕ್ಕಿದ ಕ್ಷಣದಲ್ಲೇ ಅದರ ಮೈಮೇಲೆ ಆಕ್ಸೈಡಿನ ಪದರ ಕಟ್ಟಿ ಬೆಸುಗೆಯನ್ನು ದೂರವಿಡುತ್ತದೆ. ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡದೆ 660 ಡಿಗ್ರಿಯ ಹತ್ತಿರ ಇದ್ದಕ್ಕಿದ್ದಂತೆ ಕುಸಿದು ಕರಗುತ್ತದೆ. ನಳಿಗೆಯ ಗೋಡೆಯೋ ಒಂದು ಮಿಲಿಮೀಟರಿಗೂ ಬಹಳ ತೆಳು. ಕೈ ಪಳಗದವರು ಗ್ಯಾಸ್ ಬತ್ತಿ ಹಿಡಿದರೆ ಸೂಜಿಮೊನೆಯ ತೂತು ಹೆಬ್ಬೆರಳಿನಷ್ಟಾಗುತ್ತದೆ.

ಮರುಜೋಡಿಸುವಾಗ ಕ್ಲಿಪ್ಪನ್ನು ಪಂಪ್‌ಸೆಟ್ಟಿನ ಕಬ್ಬಿಣದ ಪೈಪಿಗೆ ಬಿಗಿದಂತೆ ಬಿಗಿಯಬೇಡಿ, ಒಳಗಿರುವುದು ಪ್ಲಾಸ್ಟಿಕ್ ಕತ್ತು. ಕೂಲೆಂಟನ್ನು ನಿಧಾನವಾಗಿ ತುಂಬಿಸಿ, ಕ್ಯಾಪ್ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ತಾನಾಗಿ ತೆರೆದುಕೊಳ್ಳುವ ವಾಲ್ವ್) ತೆರೆದುಕೊಂಡು ಮೇಲಿನ ಪೈಪ್ ಬಿಸಿಯಾಗುವವರೆಗೆ ಕಾಯಿರಿ. ಒಳಗಿನ ಗಾಳಿ ಗುಳುಗುಳು ಎಂದು ಹೊರಬಂದಂತೆ ಮಟ್ಟ ಇಳಿಯುತ್ತದೆ. ತುಂಬಿಸಿ, ಮಟ್ಟ ನಿಂತ ಮೇಲೆ ಕ್ಯಾಪ್ ಹಾಕಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡುವುದನ್ನು ಮರೆಯಬೇಡಿ.

ಪ್ರಶ್ನೆ: ನಾನು ಅಕ್ಕಿ ಗಿರಣಿಗೆ ಟೆಂಪೊ ಓಡಿಸುತ್ತೇನೆ. ರೇಡಿಯೇಟರ್ ಸೋರಿದರೆ ಅರಿಶಿಣ ಪುಡಿ ಹಾಕಿದರೆ ಸಾಕು ಎಂದು ಹಿರಿಯ ಚಾಲಕರು ಹೇಳುತ್ತಾರೆ. ಒಮ್ಮೆ ಹಾಕಿದೆ, ನಿಂತಿತು. ಇದರಲ್ಲಿ ತಪ್ಪೇನಿದೆ?
(ಓದುಗರು, ಗಂಗಾವತಿ)

ಉತ್ತರ: ನಿಂತದ್ದು ಸುಳ್ಳಲ್ಲ, ಹಿರಿಯರು ಹೇಳಿದ್ದೂ ಸುಳ್ಳಲ್ಲ. ನೀರಿನಲ್ಲಿ ತೇಲುವ ಪುಡಿಯ ಕಣಗಳು ಉಬ್ಬಿ, ನೀರು ಹೊರನುಗ್ಗುವ ತೂತಿನತ್ತ ಸೆಳೆಯಲ್ಪಟ್ಟು, ಅಲ್ಲಿ ಒಂದರ ಮೇಲೊಂದು ಸಿಕ್ಕಿಕೊಂಡು, ಹೊರಗಿನ ಗಾಳಿಗೆ ಒಣಗಿ ಬೂಚು ಕಟ್ಟುತ್ತವೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ ಸೋರಿಕೆ ನಿಲ್ಲಿಸುವ ಪುಡಿಗಳಲ್ಲಿ ಹಲವು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ತೊಂದರೆ ಎಂದರೆ ಅರಿಶಿಣಕ್ಕೆ ಯಾವುದು ಬೇಡದ ತೂತು, ಯಾವುದು ಬೇಕಾದ ದಾರಿ ಎಂಬ ಭೇದ ಗೊತ್ತಿಲ್ಲ. ಹಳೆಯ ಲಾರಿಗಳ ರೇಡಿಯೇಟರಿನ ನಳಿಗೆಗಳು ಅಗಲವಾಗಿದ್ದವು, ಒಂದು ಚಮಚ ಪುಡಿ ಅವಕ್ಕೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗಿನ ಗಾಡಿಗಳ ಚಪ್ಪಟೆ ನಳಿಗೆಗಳು ಬಹಳ ಇಕ್ಕಟ್ಟು. ಹೀಟರ್ ಜಾಲಿಯದು ಇನ್ನೂ ಇಕ್ಕಟ್ಟು. ಮೊದಲೇ ಸುಣ್ಣದ ಪೊರೆ ಕಟ್ಟಿದ್ದರೆ ಪುಡಿ ಅದಕ್ಕೆ ಅಂಟಿಕೊಂಡು ಕೆಸರಾಗಿ ಕೂರುತ್ತದೆ. ಸೋರಿಕೆ ನಿಂತ ಸಂತೋಷದಲ್ಲಿ ನೀವಿರುವಾಗ ಒಳಗೆ ಹರಿವು ಕಡಿಮೆಯಾಗಿ, ಭತ್ತದ ಲೋಡ್ ಹೇರಿ ಏರು ಹತ್ತಿಸುವ ದಿನ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ಹತ್ತಿರದಲ್ಲಿ ಗ್ಯಾರೇಜು ಇಲ್ಲದ ಕಡೆ ಸಿಕ್ಕಿಕೊಂಡಾಗ ಊರು ಮುಟ್ಟಲು ಒಂದು ಚಮಚ ಹಾಕಿದರೆ ನಾನು ಆಕ್ಷೇಪಿಸುವುದಿಲ್ಲ. ಊರು ಮುಟ್ಟಿದ ಮೇಲೆ ಎಲ್ಲ ನೀರನ್ನೂ ಇಳಿಸಿ, ಹಳದಿ ಬಣ್ಣ ಹೋಗುವವರೆಗೆ ತೊಳೆದು, ತೂತನ್ನು ಸರಿಪಡಿಸಬೇಕು. ನೀವು ಹಾಕಿ ಬಿಟ್ಟಿರುವುದನ್ನು ಈ ವಾರವೇ ತೊಳೆಸಿ. ಮೊಟ್ಟೆಯ ಬಿಳಿ ಹಾಕುವವರೂ ಇದ್ದಾರೆ. ಅದನ್ನು ತೊಳೆದು ತೆಗೆಯುವ ಕಷ್ಟ ಅನುಭವಿಸಿದವರು ಎರಡನೆಯ ಸಲ ಹಾಕಲಾರರು.

ಪ್ರಶ್ನೆ: ಎಂಟು ವರ್ಷದಲ್ಲಿ ಎರಡು ರೇಡಿಯೇಟರ್ ಬದಲಾಯಿಸಿದ್ದೇನೆ. ಮನೆಯ ಬೋರ್‌ವೆಲ್ ನೀರನ್ನೇ ಹಾಕುತ್ತೇನೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಕೂಲೆಂಟಿಗೆ ಯಾಕೆ ದುಡ್ಡು ಹಾಕಬೇಕು ಎಂಬುದು ನನ್ನ ಸಂದೇಹ.
(ಓದುಗರು, ಕುಷ್ಟಗಿ)

ಉತ್ತರ: ಪ್ರಶ್ನೆಯ ಮೊದಲ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದರೆ ಅಲ್ಲಿಯೇ ಉತ್ತರವಿದೆ. ನಮ್ಮ ಭಾಗದ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಕೆಲವು ಕಡೆ ಸವಳು. ಬಚ್ಚಲ ಹಂಡೆಯ ಒಳಮೈಯಲ್ಲಿ ವರ್ಷದೊಳಗೆ ಕಟ್ಟುವ ಬಿಳಿಯ ಹಕ್ಕಳೆಯನ್ನು ನೀವು ನೋಡಿಯೇ ಇರುತ್ತೀರಿ. ಕುದಿಬಿಸಿಯ ನೀರು ದಿನವೂ ಸುತ್ತುವ ಎಂಜಿನ್ನಿನ ಒಳಗೂ ಅದೇ ಕಟ್ಟುತ್ತದೆ. ಆ ಹಕ್ಕಳೆ ಶಾಖವನ್ನು ಲೋಹದಿಂದ ನೀರಿಗೆ ಸರಿಯಾಗಿ ದಾಟಗೊಡುವುದಿಲ್ಲ. ಜೊತೆಗೆ ನೀರಿನಲ್ಲಿರುವ ಕ್ಲೋರೈಡ್ ಲವಣ ಅಲ್ಯೂಮಿನಿಯಂ ನಳಿಗೆಯನ್ನು ಮೇಲ್ಮೈಯಲ್ಲಿ ಸಮನಾಗಿ ಸವೆಸದೆ, ಒಂದೊಂದು ಚುಕ್ಕೆಯಲ್ಲಿ ಕೊರೆದು ಇಳಿಯುತ್ತದೆ. ಆದ್ದರಿಂದಲೇ ನೋಡಲು ಹೊಸದರಂತಿರುವ ರೇಡಿಯೇಟರಿನಲ್ಲಿ ಸೂಜಿಮೊನೆಯ ತೂತು.

ಹಿಮದ ಮಾತು ನಿಜವೇ ಆದರೂ ಕೂಲೆಂಟಿನ ಕೆಲಸ ಅದೊಂದೇ ಅಲ್ಲ. ಅದರಲ್ಲಿ ತುಕ್ಕು ಮತ್ತು ಕೊರೆತವನ್ನು ತಡೆಯುವ ರಾಸಾಯನಿಕಗಳಿರುತ್ತವೆ, ನಿಮಗೆ ಮುಖ್ಯವಾಗಿ ಬೇಕಾದದ್ದು ಅದು. ಎರಡನೆಯದಾಗಿ, ಕೂಲೆಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲು ಬೆರೆತರೆ ತೆರೆದ ಪಾತ್ರೆಯಲ್ಲಿ ಕುದಿಯಲು ಸುಮಾರು 107 ಡಿಗ್ರಿ ಬೇಕು. ಕ್ಯಾಪಿನ 0.9 ಒತ್ತಡದಲ್ಲಿ ಬರಿಯ ನೀರು ಸುಮಾರು 118 ಡಿಗ್ರಿಗೆ ಕುದಿದರೆ, ಈ ಮಿಶ್ರಣ 125 ಡಿಗ್ರಿಯವರೆಗೂ ಕುದಿಯದೆ ತಡೆಯುತ್ತದೆ. ಹೊರಗೆ 42, 43 ಡಿಗ್ರಿ ಬಿಸಿಲಿರುವ ಮೇ ತಿಂಗಳಲ್ಲಿ ಏಸಿ ಹಾಕಿಕೊಂಡು ಹೋಗುವವರಿಗೆ ಈ ಅಂತರ ಸಣ್ಣದಲ್ಲ.

ನೀರು ಬೆರೆಸಿಯೇ ಮಾರುವ ಕೂಲೆಂಟ್ ತಂದರೆ ಯೋಚನೆಯೇ ಇಲ್ಲ. ಗಟ್ಟಿ ಕೂಲೆಂಟ್ ತಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬೆರೆಸಿ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು, ದಾರಿಯಲ್ಲಿ ಅಗತ್ಯ ಬಿದ್ದರೆ ಧಾರಾಳವಾಗಿ ಬಳಸಬಹುದು. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ; ಬಣ್ಣ ತಯಾರಕರ ಇಷ್ಟ. ಗಾಡಿಯ ಕೈಪಿಡಿಯಲ್ಲಿ ಯಾವ ಬಗೆ, ಎಷ್ಟು ವರ್ಷಕ್ಕೆ ಬದಲಾವಣೆ ಎಂದಿದೆಯೋ ಅದನ್ನು ನೋಡಿ.

ಪ್ರಶ್ನೆ: ನನ್ನ ಗಾಡಿಯಲ್ಲಿ ಎಲ್ಲಿಯೂ ಸೋರಿಕೆಯಿಲ್ಲ, ಕೂಲೆಂಟ್ ಮಟ್ಟ ಸರಿಯಿದೆ, ಆದರೂ ಮಧ್ಯಾಹ್ನ ನಿಧಾನವಾಗಿ ಹೋಗುವಾಗ ಮುಳ್ಳು ಮೇಲೇರುತ್ತದೆ. ಅದಿರು ಲಾರಿಗಳ ದಾರಿಯಲ್ಲಿಯೇ ದಿನವೂ ಓಡಾಟ.
(ಓದುಗರು, ತೋರಣಗಲ್ಲು)

ಉತ್ತರ: ಬಾನೆಟ್ ಎತ್ತಿ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಗೆ ಟಾರ್ಚ್ ಬಿಡಿ. ಸಂಡೂರು, ತೋರಣಗಲ್ಲು ಕಡೆಯ ಗಾಡಿಗಳಲ್ಲಿ ಅಲ್ಲಿ ಕೆಂಪು ದೂಳು ಕಂಬಳಿಯಂತೆ ಕೂತಿರುತ್ತದೆ. ಸಿರುಗುಪ್ಪ, ಕಾರಟಗಿ ಕಡೆಯವರದಾದರೆ ಸುಗ್ಗಿಯ ಹೊಟ್ಟು ಮತ್ತು ಹುಳು. ಮುಂದಿನಿಂದ ನೋಡಿದರೆ ಇದು ಕಾಣುವುದಿಲ್ಲ, ಹಾಗಾಗಿ ಸರ್ವಿಸಿನಲ್ಲಿಯೂ ತಪ್ಪಿಹೋಗುತ್ತದೆ. ಎಂಜಿನ್ ತಣಿದ ಮೇಲೆ ಎಂಜಿನ್ ಕಡೆಯಿಂದ ಹೊರಮುಖವಾಗಿ, ತೋಟಕ್ಕೆ ಬಿಡುವಷ್ಟು ರಭಸದ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಹೊಡೆಸಿದರೆ ರೆಕ್ಕೆಗಳು ಮಲಗಿ, ದೂಳು ಹೋಗಿಯೂ ಗಾಳಿ ಹೋಗದಂತಾಗುತ್ತದೆ. ನಿಧಾನವಾಗಿ ಹೋಗುವಾಗ ಮಾತ್ರ ಬಿಸಿಯೇರುತ್ತಿರುವುದರಿಂದ ಫ್ಯಾನ್ ತಿರುಗುತ್ತಿದೆಯೇ ಎಂದೂ ನೋಡಿ. ಏಸಿ ಹಾಕಿದರೆ ಸಾಮಾನ್ಯವಾಗಿ ಫ್ಯಾನ್ ಓಡಲೇಬೇಕು, ಓಡದಿದ್ದರೆ ಫ್ಯೂಸ್, ರಿಲೇ, ಮೋಟಾರ್ ಈ ಕ್ರಮದಲ್ಲಿ ಪರಿಶೀಲಿಸಿ. ಫ್ಯಾನಿಗೆ ಕೈ ಕೊಡುವ ಮೊದಲು ಬ್ಯಾಟರಿ ತಂತಿ ತೆಗೆಯಿರಿ. ಕೀಲಿ ತೆಗೆದ ಮೇಲೂ ಕೆಲವು ಗಾಡಿಗಳಲ್ಲಿ ಅದು ತಾನಾಗಿ ತಿರುಗುತ್ತದೆ.

ಪ್ರಶ್ನೆ: ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಆದರೆ ವಾರಕ್ಕೆ ಒಂದು ಲೀಟರ್ ಕೂಲೆಂಟ್ ಕಡಿಮೆಯಾಗುತ್ತಿದೆ.
(ಓದುಗರು, ಸಿರುಗುಪ್ಪ)

ಉತ್ತರ: ಕ್ಯಾಪ್ ಬದಲಾಯಿಸಿ ನೋಡಿದ್ದರೆ, ಇನ್ನು ಹೆಡ್ ಗ್ಯಾಸ್ಕೆಟ್ಟನ್ನು (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಇರುವ ಸೀಲ್) ಅನುಮಾನಿಸಬೇಕು. ಕಾದ ಎಂಜಿನ್ನಿನ ಸೈಲೆನ್ಸರಿನಿಂದ ನಿಲ್ಲದೆ ಬರುವ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂತಹ ನೊರೆ, ತಣ್ಣಗಿರುವಾಗ ಕ್ಯಾಪ್ ತೆಗೆದು ಎಂಜಿನ್ ಚಾಲೂ ಮಾಡಿದರೆ ನೀರಿನಲ್ಲಿ ಬಿಡದೆ ಏಳುವ ಗುಳ್ಳೆ, ಇವುಗಳಲ್ಲಿ ಒಂದು ಕಂಡರೂ ಗಾಡಿ ಓಡಿಸುವುದನ್ನು ನಿಲ್ಲಿಸಿ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಪ್ರಶ್ನೆ: ರೇಡಿಯೇಟರಿನಿಂದ ಇಳಿಸಿದ ಹಸಿರು ನೀರನ್ನು ಗಿಡಕ್ಕೆ ಹಾಕಬಹುದೇ? ಅಂಗಳದಲ್ಲಿ ಆಕಳು, ನಾಯಿ ಇವೆ.
(ಓದುಗರು, ಕೊಪ್ಪಳ)

ಉತ್ತರ: ಖಂಡಿತ ಕೂಡದು. ಎಥಿಲೀನ್ ಗ್ಲೈಕಾಲ್ ವಿಷ; ರುಚಿ ಸಿಹಿಯಾಗಿರುವುದರಿಂದ ನಾಯಿಗಳು, ಕೆಲವೊಮ್ಮೆ ಮಕ್ಕಳು ಸಹ ಬಾಯಿ ಹಾಕುತ್ತಾರೆ, ಅದು ಮೂತ್ರಪಿಂಡವನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಬಿಚ್ಚುವ ಹೊತ್ತಿನಲ್ಲಿ ದನಗಳನ್ನು ಬೇರೆ ಕಡೆ ಕಟ್ಟಿ. ಇಳಿಸಿದ್ದನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಕ್ಯಾನಿನ ಮೇಲೆ ವಿಷ ಎಂದು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ವಿಚಾರಿಸಿ ಕೊಡಿ; ಆಯಿಲಿನೊಂದಿಗೆ ಬೆರೆಸಬೇಡಿ. ನೆಲದ ಮೇಲೆ ಚೆಲ್ಲಿದ್ದಕ್ಕೆ ಮರಳು ಎರಚಿ ಎತ್ತಿಹಾಕಿ, ಆಮೇಲೆ ತೊಳೆಯಿರಿ. ಮೇಲೆ ಹೇಳಿದಂತೆ ದನದ ಬಾನಿಯಲ್ಲಿ ರೇಡಿಯೇಟರ್ ಅದ್ದುವವರು ಮೊದಲು ಅದರ ಒಳಗನ್ನು ನಾಲ್ಕಾರು ಸಲ ತೊಳೆದಿರಬೇಕು, ಪರೀಕ್ಷೆ ಮುಗಿದ ಕೂಡಲೇ ಬಾನಿಯ ನೀರನ್ನೂ ದನಗಳು ಹೋಗದ ಕಡೆ ಖಾಲಿ ಮಾಡಿ ಬಾನಿಯನ್ನು ಉಜ್ಜಿ ತೊಳೆಯಬೇಕು. ಪ್ರಾಣಿ ಕುಡಿದದ್ದು ಕಂಡರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಿರಿ. ಮನುಷ್ಯರಾದರೆ ನೇರ ಆಸ್ಪತ್ರೆಗೆ.

ಪ್ರಶ್ನೆ: ರಾಯಚೂರಿನಿಂದ ಬರುವಾಗ ನಡುದಾರಿಯಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ಮುಳ್ಳು ಕೆಂಪು ಗೆರೆ ಮುಟ್ಟಿ ಬಾನೆಟ್ಟಿನಿಂದ ಹಬೆ ಬಂತು. ಮನೆಯವರು ಬೇಗ ನೀರು ಹಾಕಿ ಎಂದರು. ಹಾಗೆ ಮಾಡಬೇಕೇ?
(ಓದುಗರು, ಲಿಂಗಸುಗೂರು)

ಉತ್ತರ: ಹಬೆ ಇನ್ನೂ ಬಾರದೆ ಮುಳ್ಳು ಮಾತ್ರ ಏರುತ್ತಿದ್ದಾಗ ಏಸಿ ಆರಿಸಿ, ಹೀಟರನ್ನು ಪೂರ್ತಿ ತೆರೆದು ಕಿಟಕಿ ಇಳಿಸಿದರೆ ಎಂಜಿನ್ನಿನ ಶಾಖದ ಒಂದು ಪಾಲು ಕಾರಿನೊಳಗೆ ಬಂದು, ನಿಲ್ಲಿಸಲು ಸುರಕ್ಷಿತವಾದ ಜಾಗ ಸಿಗುವವರೆಗೆ ಸಮಯ ಸಿಗುತ್ತದೆ. ಆ ಬಿಸಿಲಿನಲ್ಲಿ ಹೀಟರ್ ಎಂದರೆ ಮನೆಯವರು ಒಪ್ಪುವುದು ಕಷ್ಟ, ಗೊತ್ತು. ಹಬೆ ಬಂದ ಮೇಲೆ ಎಂಜಿನ್ ಆರಿಸುವುದೊಂದೇ ದಾರಿ.

ನಂತರ ಕ್ಯಾಪನ್ನು ಮುಟ್ಟಬೇಡಿ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಗೋಣಿಚೀಲ ಸುತ್ತಿಕೊಂಡರೆ ಸಾಕು ಎಂದು ಜೀಪೊಂದರ ಕ್ಯಾಪ್ ತಿರುಗಿಸಿದ್ದೆ. ಕ್ಯಾಪ್ ಚೀಲವನ್ನೂ ಎತ್ತಿಕೊಂಡು ಹಾರಿತು, ಕುದಿಯುವ ನೀರು ತೋಳಿನ ಉದ್ದಕ್ಕೂ ಬಿತ್ತು. ಬಲ ಮುಂಗೈಯ ಗುರುತು ಈಗಲೂ ಇದೆ. ಒತ್ತಡದಲ್ಲಿ ಕುದಿಯದೆ ನಿಂತ 110 ಡಿಗ್ರಿಯ ನೀರು ಕ್ಯಾಪ್ ತೆರೆದ ಕ್ಷಣದಲ್ಲಿ ಒಮ್ಮೆಗೇ ಕುದಿದು ಹಬೆಯಾಗುತ್ತದೆ.

ಹಬೆ ನಿಂತ ಮೇಲೆ ಬಾನೆಟ್ ಎತ್ತಿಟ್ಟು, ಕಡಿಮೆಯೆಂದರೂ ಮುಕ್ಕಾಲು ಗಂಟೆ, ಬಿಸಿಲಿನಲ್ಲಾದರೆ ಅದಕ್ಕಿಂತ ಹೆಚ್ಚು, ಮರದ ನೆರಳಿದ್ದರೆ ಅಲ್ಲಿ ಕೂತು ಕಾಯಿರಿ. ಮೇಲಿನ ಪೈಪನ್ನು ಹಿಚುಕಿದಾಗ ಕೈಗೆ ಬಿಸಿ ತಾಳುವಷ್ಟಾಗಿ, ಪೈಪ್ ಮೆತ್ತಗೆ ಒತ್ತಿಕೊಂಡರೆ ಒಳಗೆ ಒತ್ತಡ ಇಳಿದಿದೆ ಎಂದರ್ಥ. ಆಗ ದಪ್ಪ ಬಟ್ಟೆ ಹಿಡಿದು ಕ್ಯಾಪನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಸುಯ್ಯೆನ್ನುವುದು ನಿಂತ ಮೇಲೆ ತೆಗೆಯಿರಿ. ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ; ಕೆಂಡದಂತಿರುವ ಹೆಡ್ಡಿಗೆ ತಣ್ಣೀರು ಒಮ್ಮೆಗೇ ಸುರಿದರೆ ಲೋಹ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಸೋರಿಕೆ ಸಣ್ಣದಿದ್ದರೆ ಕ್ಯಾಪನ್ನು ಅದೇ ಮೊದಲ ತಡೆಯಲ್ಲಿ ಸಡಿಲವಾಗಿ ಬಿಟ್ಟು ಓಡಿಸಬಹುದು; ಒತ್ತಡ ಕಟ್ಟದಿದ್ದರೆ ತೂತಿನಿಂದ ನೀರು ನುಗ್ಗುವುದೂ ಕಡಿಮೆ. ಆದರೆ ನೀರು ಬೇಗ ಕುದಿಯುತ್ತದೆಂಬುದನ್ನು ಮರೆಯದೆ, ಮುಳ್ಳಿನ ಮೇಲೆ ಕಣ್ಣಿಟ್ಟು, ನಿಧಾನವಾಗಿ, ಐದಾರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ತಣಿಸಿ, ಮಟ್ಟ ನೋಡಿಕೊಂಡು ಮುಂದೆ ಹೋಗಬೇಕು. ಬೇಸಿಗೆಯಲ್ಲಿ ಡಿಕ್ಕಿಯಲ್ಲಿ ಐದು ಲೀಟರ್ ನೀರಿನ ಕ್ಯಾನ್, ಎರಡು ಕ್ಲಿಪ್, ಒಂದು ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ನೀರು ಕುಡಿಯುವಂಥದ್ದೇ ಆಗಿರಲಿ, ಕಾಯುವ ಹೊತ್ತಿನಲ್ಲಿ ನಿಮಗೂ ಬೇಕಾಗುತ್ತದೆ.